ನೋಣಯನ ಇಪ್ಪತ್ತು ಕಿಲೋ

ಊರಿಗೆ ಹೋಗುವ ಸುದ್ದಿಯನ್ನು ನೋಣಯ ಈ ಸಲ ಯಾರಿಗೂ ಹೇಳಿರಲಿಲ್ಲ. ಎಂಬತ್ತೆರಡರ ರಜೆಗೆ ಹೇಳಿ ಕೆಟ್ಟಿದ್ದ. ಅವನು ದುಡಿಯುವ ಸೌದಿಯ ತಾಯಿಫಿನ ಗುರುತಿನವರೆಲ್ಲ 'ಸಣ್ಣದೊಂದು ಪಾರ್ಸೆಲ್' ತಂದು ಪೆಟ್ಟಿಗೆಗೆ ತುರುಕಿದ್ದರು. ವಿಮಾನದವರು ಬಿಡುವ ಇಪ್ಪತ್ತು ಕಿಲೋದಲ್ಲಿ ಹೆಂಡತಿ ಸುಂದರಿಯ ಮಿಕ್ಸಿಗೇ ಜಾಗವಿಲ್ಲದೆ ಹೋಗಿತ್ತು. ರಜೆಯಿಡೀ ಅವಳು ಅರೆಯುವ ಕಲ್ಲಿನ ಮುಂದೆ ಕೂತು, ಅವನಿಗೆ ಕೇಳಬೇಕೆಂದೇ ಜೋರಾಗಿ ಅರೆದಿದ್ದಳು.

ಮೂರು ವರ್ಷದ ಮೇಲೆ ಈಗ ಮಿಕ್ಸಿ ಪೆಟ್ಟಿಗೆಯೊಳಗೆ ಭದ್ರವಾಗಿತ್ತು. ವಿಮಾನ ಜಿದ್ದಾದಿಂದ, ರಾತ್ರಿಗೆ. ಬೆಳಿಗ್ಗೆಯೇ ಅಲ್ಲಿಗೆ ಬಂದಿಳಿದು, ಪೆಟ್ಟಿಗೆಯನ್ನು ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿಟ್ಟು, ಕೈಚೀಲ ಹಿಡಿದು ಹಳೇ ಪೇಟೆ ನೋಡಲು ನಡೆದೇ ಹೊರಟ. ಆಸ್ಪತ್ರೆಯ ಬಟ್ಟೆ ಒಗೆದೂ ಒಗೆದೂ ಸವೆದವನಿಗೆ ಒಂದು ದಿನವಾದರೂ ಊರು ನೋಡುವುದು ಬೇಡವೇ? ಒಂದು ಕಾಲಕ್ಕೆ ಪರಂಗಿಗಳನ್ನೇ ತಡೆದ ಕೋಟೆಗೋಡೆ ಈ ಪೇಟೆಯ ಸುತ್ತ ಇತ್ತಂತೆ. ಗೋಡೆ ಹೋಗಿ ಹೆಬ್ಬಾಗಿಲು ಮಾತ್ರ ಉಳಿದಿತ್ತು. ಒಳಗೆ ಎತ್ತರದ ಮನೆಗಳ ಕೆತ್ತನೆಯ ಕಿಟಕಿಗಳು ನೆರೆಮನೆಯ ಹೆಂಗಸರ ಹಾಗೆ ಬೀದಿಗೆ ಬಾಗಿ, ಎತ್ತ ಹೊರಟೆ ಎಂದು ಕೇಳುವಂತಿದ್ದವು.

ನಿಜವಾಗಿ ಕೇಳಿದವರು ಚಹಾದಂಗಡಿಯ ಬೆಂಚಿನಲ್ಲಿ ಪಕ್ಕಕ್ಕೆ ಕೂತ ಗಡ್ಡದವರೊಬ್ಬರು.

"ಮುಖ ನೋಡುವಾಗಲೇ ಗೊತ್ತಾಯ್ತು, ನಮ್ಮ ಕಡೆಯವರು. ನಾನು ಶರೀಫ್, ಉಳ್ಳಾಲದವ. ಊರಿಗೆ ಯಾವಾಗ ಮಾರಾಯ್ರೆ?"

"ಊರಿಗಾ? ಸದ್ಯಕ್ಕೆ ಎಂತದ್ದೂ ಇಲ್ಲ" ಎಂದು ನೋಣಯ ಅರ್ಧ ಲೋಟ ಚಹಾ ಬಿಟ್ಟು ಎದ್ದ.

ಎರಡು ತಿರುವು ದಾಟಿ ಹಿಂತಿರುಗಿ ನೋಡಿದರೆ ಶರೀಫ್ ದೂರದಲ್ಲಿ ಓಡೋಡಿ ಬರುತ್ತಿದ್ದರು. ಕಂಕುಳಲ್ಲಿ ಏನೋ ಗಂಟು.

"ಹೋಯ್, ನಿಲ್ಲಿ ಮಾರಾಯ್ರೆ. ಇದೊಂದು ತಕೊಂಡು ಹೋಗಿ."

ಬಂತಲ್ಲ ಪೀಡೆ! "ಪುರುಸೊತ್ತಿಲ್ಲ" ಎಂದು ಕೂಗಿ ನೋಣಯ ಓಟಕಿತ್ತ. ನೋಡಬೇಕೆಂದಿದ್ದ ಕಿಟಕಿಗಳೆಲ್ಲ ಬಸ್ಸಿನಿಂದ ಕಂಡ ಹಾಗೆ ಹಿಂದೆ ಸರಿದವು. ಜಗಲಿಯಲ್ಲಿ ಕೂತ ಮುದುಕನೊಬ್ಬ "ಯಲ್ಲಾ, ಯಲ್ಲಾ" ಎಂದು ಅವನನ್ನು ಹುರಿದುಂಬಿಸಿ, ಹಿಂದೆ ಬಂದ ಶರೀಫರಿಗೂ ದಾರಿ ತೋರಿಸಿದ. ಪರಂಗಿಗಳನ್ನು ತಡೆದ ಊರಿಗೆ ಶರೀಫರನ್ನು ತಡೆಯಲಾಗಲಿಲ್ಲ.

ಓಣಿ ಮುಗಿಯಿತು. ಎದುರಿಗೆ ಗೋಡೆ, ಪಕ್ಕದಲ್ಲಿ ತೆರೆದ ಬಾಗಿಲು. ಮೆಟ್ಟಿಲು ಹತ್ತಿ ಒಳನುಗ್ಗಿದರೆ ಕೋಣೆ ತುಂಬ ಗಂಡಸರು ಶುಕ್ರವಾರದ ಊಟಕ್ಕೆ ಕೂತಿದ್ದರು. ಮೀನುಸಾರಿನ ಪರಿಮಳ ಥೇಟ್ ಮಂಗಳೂರಿನದು.

ಶರೀಫ್ ಏದುಸಿರು ಬಿಡುತ್ತ ಒಳಬಂದರು. "ಸೀದಾ ನಮ್ಮ ರೂಮಿಗೇ ಬಂದ್ರಲ್ಲ. ತಕೊಳ್ಳಿ ನಿಮ್ಮ ಚೀಲ, ಬೆಂಚಿನಲ್ಲೇ ಬಿಟ್ಟಿದ್ರಿ."

ಪಾಸ್‌ಪೋರ್ಟು, ಟಿಕೆಟ್ಟು ಎಲ್ಲ ಅದರಲ್ಲೇ ಇದ್ದವು. ನೋಣಯ ಚೀಲವನ್ನು ಎದೆಗೊತ್ತಿಕೊಂಡ. "ಶರೀಫಾಕ, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯುವುದಿಲ್ಲ."

"ಅದೆಲ್ಲ ಎಂತಕ್ಕೆ? ಟಿಕೆಟ್ ಹೊರಗೆ ಇಣುಕ್ತಾ ಇತ್ತು. ಇವತ್ತೇ ಅಲ್ವಾ ವಿಮಾನ?"

ಉಣ್ಣುವ ಕೈಗಳೆಲ್ಲ ನಿಂತವು. ಒಬ್ಬೊಬ್ಬರೇ ಕೈತೊಳೆದು ಬಂದು ತಂತಮ್ಮ ಮಂಚದಡಿಗೆ ಬಗ್ಗಿದರು. ಒಬ್ಬರದು ಸಣ್ಣದೊಂದು ಕಂಬಳಿ, ಇನ್ನೊಬ್ಬರದು ಹೆತ್ತ ಉಮ್ಮನಿಗೆ ನೋವಿನ ಎಣ್ಣೆ, ಮತ್ತೊಬ್ಬರದು ಮಗಳ ಮದುವೆಯ ಸೀರೆ. ಇಲ್ಲ ಎನ್ನಲು ನೋಣಯನಿಗೆ ಬಾಯಿ ಎಲ್ಲಿಂದ ಬರಬೇಕು?

ಸಂಜೆ ಹೋಟೆಲಿನಲ್ಲಿ ಎಲ್ಲರೂ ಸೇರಿ ಪೆಟ್ಟಿಗೆ ತುಂಬಿಕೊಟ್ಟರು. ಮಿಕ್ಸಿ ಹೊರಗುಳಿಯಿತು. ಸುಂದರಿಯ ಅರೆಯುವ ಕಲ್ಲಿನ ಸದ್ದು ನೋಣಯನಿಗೆ ಅಲ್ಲಿಂದಲೇ ಕೇಳಿಸತೊಡಗಿತು.

ಶರೀಫ್ ಮಿಕ್ಸಿಯನ್ನು ಮಗುವಿನ ಹಾಗೆ ಎತ್ತಿಕೊಂಡರು. "ನೀವು ತಲೆಬಿಸಿ ಮಾಡ್ಬೇಡಿ. ಮುಂದೆ ಯಾರಾದ್ರೂ ಊರಿಗೆ ಹೋಗುವಾಗ ಇದನ್ನು ಕಳಿಸ್ತೇನೆ. ನಿಮ್ಮ ಹಾಗೆ ಓಡುವವರಾದ್ರೂ ಬಿಡ್ಲಿಕ್ಕಿಲ್ಲ."