ಮಕ್ಕಳು ವಿಜ್ಞಾನದಲ್ಲಿ ಫೇಲಾಗಲು ನಾನು ಕೊಟ್ಟ ಕಾರಣಗಳು

ಬೇರೆ ಮೇಷ್ಟ್ರುಗಳಿಗೆ ಇಂಥದ್ದು ಆಯುಸ್ಸಿಗೊಂದು ಆಗುತ್ತೋ ಏನೋ, ನನಗಂತೂ ಊರಿನ ಸಂತೆ ಹಾಗೆ ತಪ್ಪದೆ ಬರುತ್ತಿತ್ತು. ತಾಳವಾಡಿ ಬೆಟ್ಟದ ಮೇಲಿನ ಒಂದು ಹೈಸ್ಕೂಲಿನಲ್ಲಿ ಎಪ್ಪತ್ತರ ಕೊನೆ, ಎಂಬತ್ತರ ಮೊದಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನಮ್ಮದು ಕನ್ನಡ ಶಾಲೆ. ನಮ್ಮನ್ನು ಆಳುವ ಆಫೀಸು ಘಾಟಿ ಕೆಳಗೆ, ಅಲ್ಲೆಲ್ಲ ತಮಿಳು; ಬೆಟ್ಟ ಸೇರಿರುವುದೇ ತಮಿಳು ಸೀಮೆಗೆ. ಪ್ರತಿ ವರ್ಷ ಹತ್ತನೇ ಕ್ಲಾಸಿನ ರಿಸಲ್ಟು ಬಂದ ಮೇಲೆ ಒಂದೇ ಪ್ರಶ್ನೆ ಘಾಟಿ ಹತ್ತಿ ಬರುತ್ತಿತ್ತು: "ನಿಮ್ಮ ಮಕ್ಕಳು ವಿಜ್ಞಾನದಲ್ಲೇ ಯಾಕೆ ಫೇಲಾಗ್ತಾರೆ? ಕಾರಣ ತಿಳಿಸಿ."

ಬುದ್ಧಿ ಇದ್ದ ಮೇಷ್ಟ್ರುಗಳೆಲ್ಲ "ಮಕ್ಕಳಲ್ಲಿ ಆಸಕ್ತಿಯ ಕೊರತೆ" ಅಂತ ತಿಳಿಸಿ ಆರಾಮಾಗಿದ್ದರು. ನಾನು ನಿಜ ಹೇಳುತ್ತಿದ್ದೆ. ಅದಕ್ಕೇ ಯಾರೂ ನಂಬುತ್ತಿರಲಿಲ್ಲ.

ಕೊನೆಗೊಂದು ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಆಫೀಸರ್ರೇ ಬಂದರು. ಒಣಗಿದ ನುಗ್ಗೇಕಾಯಿ ಹಾಗಿದ್ದ ಮನುಷ್ಯ. ಘಾಟಿ ತಿರುವುಗಳಲ್ಲಿ ತಲೆ ಸುತ್ತುತ್ತೆ ಅಂತ ಬಸ್ಸಿಂದ ಇಳಿಯುವಾಗಲೂ ನಿಂಬೆಹಣ್ಣು ಮೂಸುತ್ತಲೇ ಇಳಿದರು. ಮೂಸುತ್ತಲೇ ತಮಿಳಿನಲ್ಲಿ ಹೇಳಿದರು: "ಈ ಸಲವೂ ವಿಜ್ಞಾನ ಹೀಗೇ ಆದರೆ ಹತ್ತನೇ ಕ್ಲಾಸನ್ನು ಇಲ್ಲಿಂದ ತೆಗೆದು ಘಾಟಿ ಕೆಳಗಿನ ಶಾಲೆಗೆ ಸೇರಿಸ್ತೀವಿ."

ಹತ್ತನೇ ಕ್ಲಾಸು ಹೋದರೆ ಹುಡುಗರು ದನದ ಹಿಂದೆ, ಹುಡುಗಿಯರು ಮದುವೆ ಚಪ್ಪರಕ್ಕೆ. ಆ ವರ್ಷ ಹತ್ತಕ್ಕೆ ಬಂದವರಲ್ಲಿ ಊರ ಯಜಮಾನರ ಮೊಮ್ಮಗಳೂ ಇದ್ದಳು. ನರ್ಸ್ ಆಗಬೇಕೆಂದು ಆಸೆ ಅವಳಿಗೆ. ಯಜಮಾನರ ಮಾತು ಮಾತ್ರ ಖಡಾಖಂಡಿತ: "ಅತ್ತನೇ ಕ್ಲಾಸು ಇಲ್ಲಿದ್ರೆ ಓದ್ಕಳ್ಲಿ ಮೇಷ್ಟ್ರೇ. ಗಾಟಿ ಇಳೀಬೇಕು ಅಂದ್ರೆ ಗಂಡನ ಜೊತೆಗೇ ಇಳೀಲಿ."

ಆ ವರ್ಷ ಏನೇನಾಯಿತು ಅಂತ ಹೇಳ್ತೀನಿ, ಕೇಳಿ.

ಕಪ್ಪೆ

ಆಷಾಢ ಬಂದರೂ ಮಳೆ ಇಲ್ಲ. ನನ್ನ ಪಾಠ ಮಾತ್ರ ಕಪ್ಪೆಯ ಹೃದಯದ ತನಕ ಬಂದಿತ್ತು. ಕೆರೆಯಲ್ಲಿ ಉಳಿದಿದ್ದ ಕೆಸರಿನಿಂದ ಒಂದು ಜೋಡಿ ದಪ್ಪ ಕಪ್ಪೆ ಹಿಡಿಸಿ, ಮಡಕೆಯಲ್ಲಿಟ್ಟು, ಚೂರಿ ಮಸೆದುಕೊಂಡು ಕೂತೆ. ಬೆಳಿಗ್ಗೆ ನೋಡಿದರೆ ಯಜಮಾನರು ಊರವರನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

"ಮೇಷ್ಟ್ರೇ, ಮಳೆಗೆ ಕಪ್ಪೆ ಮದ್ವೆ ಮಾಡ್ಬೇಕು. ಊರಲ್ಲೆಲ್ಲ ಉಡುಕುದ್ರೂ ಒಂದ್ ಕಪ್ಪೆ ಇಲ್ಲ. ನಿಮ್ಮತ್ರ ಜೋಡಿ ಅದೆಯಂತೆ."

"ಅವು ಪಾಠಕ್ಕೆ ಯಜಮಾನ್ರೇ."

"ಮದ್ವೆ ಮುಗುಸ್ಕಂಡು ತಂದ್ ಬುಡ್ತೀವಿ."

ಕೊಟ್ಟೆ. ಕೊಡದೆ ಈ ಊರಲ್ಲಿ ಬಾಳೋದುಂಟೆ? ಅರಿಶಿನ ಬಳಿದರು, ಹೂವು ಸುತ್ತಿದರು, ತಮಟೆ ಬಾರಿಸಿದರು. ಧಾರೆ ಹೊತ್ತಿಗೆ ಯಾರೋ ಕೇಳಿದರು, "ಎಣ್ಣಿನ ಕಡೆಯೋರು ಯಾರು?" ಎಲ್ಲರೂ ನನ್ನ ಮುಖ ನೋಡಿದರು. ಕಪ್ಪೆ ಬಂದದ್ದು ನನ್ನ ಮನೆಯಿಂದ ತಾನೆ? ಪಂಚೆ ಎತ್ತಿ ಕಟ್ಟಿ ನಾನೇ ಧಾರೆ ಎರೆದೆ. ವಿಜ್ಞಾನದ ಮೇಷ್ಟ್ರು!

ಅವತ್ತು ಸಂಜೆಯೇ ಮಳೆ ಧೋ ಅಂತ ಸುರಿಯಿತು. ನನ್ನ ಕಡೆಯಿಂದ ವಾದಕ್ಕೆ ಏನೂ ಉಳಿಯಲಿಲ್ಲ. ಮಾರನೆಯ ದಿನ ಮೆಲ್ಲಗೆ ಹೋಗಿ, "ಯಜಮಾನ್ರೇ, ಕಪ್ಪೆ ವಾಪಸ್ ಕೊಡ್ತೀರಾ? ಕೊಯ್ದು ಮಕ್ಕಳಿಗೆ ತೋರಿಸಬೇಕು" ಅಂದೆ.

ಅವರು ಕೊಲೆಗಾರನನ್ನು ನೋಡುವ ಹಾಗೆ ನೋಡಿದರು. "ನೀವೇ ಧಾರೆ ಎರ್ದಿದ್ದೀರಿ. ಅಳಿಯನ್ನ ಯಾರಾದ್ರೂ ಕುಯ್ತಾರಾ ಮೇಷ್ಟ್ರೇ?"

ಆನೆ

ಮಳೆ ಬಂದ ಮೇಲೆ ಬೆಳೆ ಬಂತು. ಬೆಳೆ ಬಂದ ಮೇಲೆ ಆನೆ ಬಂತು. ಕಾಡಂಚಿನ ತಿಗನಾರೆ ಕಡೆಯ ಮಕ್ಕಳೆಲ್ಲ ರಾತ್ರಿ ಹೊಲದ ಅಟ್ಟಣೆ ಮೇಲೆ ಕಾವಲು, ಹಗಲು ನನ್ನ ಕ್ಲಾಸಿನಲ್ಲಿ ನಿದ್ದೆ. ನನ್ನ ದನಿಯಲ್ಲಿ ಜೋಗುಳದ ಗುಣ ಇದೆ ಅಂತ ನನಗೆ ಗೊತ್ತಾಗಿದ್ದೇ ಆಗ.

ಒಂದು ಮಧ್ಯಾಹ್ನ ಶಬ್ದದ ಪಾಠ. ಕಂಪನ ತೋರಿಸೋಣ ಅಂತ ಸೀಮೆಎಣ್ಣೆ ತಗಡಿನ ಡಬ್ಬ ತಂದಿಟ್ಟುಕೊಂಡಿದ್ದೆ. ಬೋರ್ಡಿನಿಂದ ಈ ಕಡೆ ತಿರುಗಿದರೆ ಇಡೀ ಕ್ಲಾಸು ಬೆಂಚಿನ ಮೇಲೆ ಮಲಗಿದೆ, ಬಾಗಿಲಲ್ಲಿ ಆಫೀಸರ್ರು ನಿಂತಿದ್ದಾರೆ! ಹೇಳದೆ ಕೇಳದೆ ಬಂದುಬಿಟ್ಟಿದ್ದಾರೆ ಪುಣ್ಯಾತ್ಮ. ಗಾಬರಿಯಲ್ಲಿ ಮಕ್ಕಳನ್ನು ಎಬ್ಬಿಸಲು ಆ ಡಬ್ಬಕ್ಕೆ ಕೋಲಿನಿಂದ ಢಮಢಮ ಬಾರಿಸಿದೆ.

ಅಟ್ಟಣೆ ಮೇಲೆ ತಗಡು ಬಡಿದರೆ ಏನರ್ಥ ಅಂತ ನನಗೆ ಆ ಕ್ಷಣ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಇಡೀ ಕ್ಲಾಸು ಕಣ್ಣು ಮುಚ್ಚಿಕೊಂಡೇ ಎದ್ದು ನಿಂತಿತು. "ಬಂತು ಬಂತು! ಓಡ್ಸ್ಲಾ! ಪಂಜು ತಕ್ಕಬಾ ಕಣ್ಲಾ! ಬಾಗ್ಲತ್ರ ಅದೆ, ಒಡೀಲಾ!" ಡಸ್ಟರು, ಸೀಮೆಸುಣ್ಣ, ಬುತ್ತಿಯ ಮುಚ್ಚಳ, ಕೈಗೆ ಸಿಕ್ಕಿದ್ದೆಲ್ಲ ಬಾಗಿಲ ಕಡೆ ಹಾರಿತು. ಆಫೀಸರ್ರು ನಿಂಬೆಹಣ್ಣು ಬಿಸಾಕಿ ರಾಗಿ ಹೊಲದಲ್ಲಿ ಬಿದ್ದು ಎದ್ದು ಹೆಡ್‌ಮಾಸ್ಟರ ರೂಮಿಗೆ ಓಡಿದರು.

ಆಮೇಲೆ ನನ್ನನ್ನು ಕರೆಸಿ ಗುಡುಗಿದರು. ನಾನು ಕೈಕಟ್ಟಿ ನಿಂತು, "ತಪ್ಪು ತಿಳೀಬೇಡಿ ಸಾರ್, ಮಕ್ಕಳು ನಿಮ್ಮನ್ನು ಆನೆ ಅಂದ್ಕೊಂಡ್ರು" ಅಂದೆ.

ಆಫೀಸರ್ರು ತಮ್ಮ ಕಡ್ಡಿ ತೋಳು ನೋಡಿಕೊಂಡರು. ಮುಖದಲ್ಲಿ ಸಣ್ಣಗೆ ಒಂದು ಸಂತೋಷ ಮೂಡಿತು. "ಆನೆ? ನನ್ನನ್ನಾ?" ಅಂದರು.

ಲ್ಯಾಬು

ನಮ್ಮ ಊರುಗಳಲ್ಲಿ ಒಬ್ಬರು ಕೇಳಿದ ಸಾಮಾನನ್ನು ಇನ್ನೊಬ್ಬರು ಇಲ್ಲ ಅನ್ನೋ ಹಾಗಿಲ್ಲ. ಒನಕೆ, ಒರಳು, ಏಣಿ ಎಲ್ಲ ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತವೆ. ಆ ಪದ್ಧತಿಯೊಳಗೆ ನನ್ನ ಲ್ಯಾಬೂ ಸೇರಿಕೊಂಡಿತು. ಪೀನ ಮಸೂರ ಒಬ್ಬ ಅಜ್ಜನ ಹತ್ತಿರ, ಬಿಸಿಲಲ್ಲಿ ಬೀಡಿ ಹಚ್ಚಲು. ಸ್ಪ್ರಿಂಗ್ ತಕ್ಕಡಿ ಸಂತೆಯ ಮೆಣಸಿನಕಾಯಿಯವನ ಹತ್ತಿರ. ನನ್ನದೇ ತಕ್ಕಡಿಯಲ್ಲಿ ನನಗೇ ಕಮ್ಮಿ ತೂಗಿ ಕೊಡುತ್ತಿದ್ದ. ಸ್ಪಿರಿಟ್ ದೀಪ ಒಂದು ಬಾಣಂತಿ ಮನೆಯಲ್ಲಿ. ವಾಪಸ್ ಕೇಳಿದರೆ, "ಇವತ್ ಬ್ಯಾಡಿ ಮೇಷ್ಟ್ರೇ, ನೆಂಟ್ರು ಬಂದವ್ರೆ" ಅನ್ನೋರು.

ಮಾಡೋದೇನು? ಪ್ರಾಕ್ಟಿಕಲ್ ಇದ್ದ ದಿನ ಮಕ್ಕಳನ್ನು ಸಾಲು ಹಿಡಿಸಿ ಊರೊಳಗೆ ಹೊರಟೆ. ಮೊದಲು ಮಸೂರದ ಅಜ್ಜನ ಜಗಲಿ, ಅಲ್ಲಿಂದ ದೀಪದ ಮನೆ, ಆಮೇಲೆ ಬೀಕರು ಇದ್ದ ಮನೆ. ಆ ಮನೆಯಲ್ಲಿ ಅವತ್ತು ಹೆಣ್ಣು ನೋಡೋ ಶಾಸ್ತ್ರ! ಪಣಕಹಳ್ಳಿಯಿಂದ ಬಂದಿದ್ದ ಗಂಡಿನ ಅಪ್ಪ ದೊಡ್ಡ ಗಾಜಿನ ಬೀಕರಿನಲ್ಲಿ ಪಾನಕ ಕುಡಿಯುತ್ತಾ ಕೂತಿದ್ದಾನೆ. ಹುಡುಗರು ಸುತ್ತಲೂ ಬಗ್ಗಿ, "ಇನ್ನೂರು ಮಿಲಿಲೀಟರ್ ಸಾರ್... ನೂರೈವತ್ತು ಸಾರ್... ಇಳೀತಾ ಅದೆ ಸಾರ್" ಅಂತ ಕೂಗಲು ಶುರು ಮಾಡಿದರು.

ಗಂಡಿನ ಅಪ್ಪ ಬೀಕರು ಕೆಳಗಿಟ್ಟ. ಹೆಣ್ಣಿನ ಅಪ್ಪನ ಮುಖ ಬಿಳಿಚಿಕೊಂಡಿತು. ನನ್ನಿಂದ ಒಂದು ಸಂಬಂಧ ಮುರಿಯಿತಲ್ಲಪ್ಪ ಅಂದುಕೊಂಡೆ.

ಆತ ಬೀಕರನ್ನು ತಿರುಗಿಸಿ ತಿರುಗಿಸಿ ಗೆರೆಗಳನ್ನು ನೋಡಿದ. "ಇದೇನ್ರಪ್ಪ, ಅರ್ಧಕ್ಕೇ ಉಯ್ದಿದ್ದೀರಿ? ಮೇಲ್ಗಡೆ ಗೆರೆಗಂಟ ಉಯ್ಯಿ. ನಾವು ಗಂಡಿನ ಕಡೆಯೋರು!"

ಮೂಳೆ

ನಮ್ಮ ಮಕ್ಕಳು ಹೇಗಾದರೂ ಪಾಸಾಗಲಿ ಅಂತ ಮೇಲಿನವರು ಆ ವರ್ಷ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ ಕಳಿಸಿದರು. ಆಳುದ್ದದ ಪೆಟ್ಟಿಗೆ. ಬಸ್ಸಿನ ಟಾಪಿನ ಮೇಲಿಂದ ಇಳಿಸುವಾಗ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಲೆಯ ವಸ್ತ್ರ ತೆಗೆದು ಕೈಮುಗಿದು ನಿಂತರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕ್ಲಾಸಿನಲ್ಲಿ ಕೊಕ್ಕೆಗೆ ನೇತುಹಾಕಿದ ಮಾರನೆಯ ದಿನ ಯಜಮಾನರು ಬಂದರು. ಬಹಳ ಹೊತ್ತು ನೋಡಿದರು.

"ಯಾರ್ ಮೇಷ್ಟ್ರೇ ಇವ್ರು?"

"ಯಾರೂ ಅಲ್ಲ ಯಜಮಾನ್ರೇ, ಪ್ಲಾಸ್ಟಿಕ್ಕು. ಜೀವಾನೇ ಇರಲಿಲ್ಲ."

"ಕಲ್ಲು ಅಂತ ಗೊತ್ತಿದ್ದೂ ಬಸವಣ್ಣಂಗೆ ಕೈ ಮುಗ್ಯಲ್ವ ನಾವು? ಮನ್ಷನ ಆಕಾರ ಬಂದ್ಮೇಲೆ ಮನ್ಷನೇ. ಇಂಗೆ ನೇತಾಕಂಡು ನೋಡಾದು ಮರ್ವಾದಿ ಅಲ್ಲ. ಮಣ್ಣು ಮಾಡ್ಬೇಕು."

ನಮ್ಮ ಕಡೆ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಸುಡೋದಿಲ್ಲ, ಮಲಗಿಸೋದೂ ಇಲ್ಲ. ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಕೂತಂತೆಯೇ ಮಣ್ಣು ಮಾಡ್ತಾರೆ. ಬೊಂಬೆಯೋ ನಿಲ್ಲಲು ತಂತಿ ಕಟ್ಟಿದ್ದು, ಜಪ್ಪಯ್ಯ ಅಂದರೂ ಕೂರಲೊಲ್ಲದು. ಮಕ್ಕಳೆಲ್ಲ ಮುತ್ತಿಕೊಂಡು ಕೀಲು ಕೀಲೂ ಬಿಚ್ಚಿ ಕಟ್ಟಿದರು. ಮುಂದಾಳು ಯಜಮಾನರ ಮೊಮ್ಮಗಳು. "ಸಾರ್, ಮಂಡಿ ಇಂದಕ್ಕೆ ಮಾತ್ರ ಮಡಿಚ್ಕತದೆ. ಸೊಂಟದ ಕೀಲು ಎಲ್ಲಾ ಕಡೀಕೂ ತಿರುಗ್ತದೆ. ಮೊದ್ಲು ಸೊಂಟ ತಿರುಗ್ಸಿ ಆಮೇಲೆ ಮಂಡಿ ಮಡಿಸ್ಬೇಕು!" ನಾನು ವರ್ಷಗಟ್ಟಲೆ ಅರಚಿದರೂ ಹತ್ತದ ಪಾಠ ಅವತ್ತು ಒಂದೇ ಏಟಿಗೆ ಎಲ್ಲರ ತಲೆಗೂ ಹತ್ತಿತು. ಮಂತ್ರ ಹೇಳಲು ಅಯ್ನೋರು ಬಂದರು. ಶಾಲೆಯ ಬಯಲಿನ ಮೂಲೆಯಲ್ಲಿ ಬೊಂಬೆಗೆ ಸಮಾಧಿಯಾಯಿತು. ಹೆಡ್‌ಮಾಸ್ಟರೂ ಕೂತು ಸಾವಿನ ಊಟ ಮಾಡಿದರು.

ಪರೀಕ್ಷೆ ಬಂತು. ದೊಡ್ಡ ಪ್ರಶ್ನೆ ಯಾವುದು ಅಂತೀರಿ? ಮನುಷ್ಯನ ದೇಹದ ಕೀಲುಗಳು! ಆ ವರ್ಷ ವಿಜ್ಞಾನದಲ್ಲಿ ಒಂದು ಮಗುವೂ ಫೇಲಾಗಲಿಲ್ಲ. ನಾನು ಕುಣಿಯೋದೊಂದು ಬಾಕಿ.

ರಿಸಲ್ಟಿನ ಹಿಂದೆಯೇ ಆಫೀಸರ್ರು ಬಂದರು. ಹೊಗಳೋಕೆ ಬಂದರು ಅಂತ ಹೆಡ್‌ಮಾಸ್ಟರು ಓಡಿ ಹೋಗಿ ದೊಡ್ಡ ಹಾರ ಹಾಕಿದರು. ಘಾಟಿ ಬುಡದ ಗುಡಿಯಲ್ಲಿ ಹಚ್ಚಿಕೊಂಡ ವಿಭೂತಿ ಆಫೀಸರ ಹಣೆ ತುಂಬ ಇತ್ತು. ಅವರು ಕುರ್ಚಿಯಲ್ಲಿ ಕೂಡ ಕೂರದೆ ನನ್ನ ಮೇಲೆ ಹಾರಿಬಿದ್ದರು.

"ಎಲ್ಲ ಮಕ್ಕಳೂ ಒಂದೇ ಉತ್ತರ ಬರೆದಿದ್ದಾರಂತೆ. 'ತೀರಿಕೊಂಡವರನ್ನು ಕೂರಿಸುವಾಗ ಮೊದಲು ಸೊಂಟದ ಕೀಲು ತಿರುಗಿಸಿ ನಂತರ ಮಂಡಿ ಮಡಿಸತಕ್ಕದ್ದು.' ಯಾವ ಪುಸ್ತಕದಲ್ಲಿದೆ ಇದು? ಕಾಪಿ ಹೊಡೆಸಿದ್ದೀರಿ! ರಿಸಲ್ಟು ರದ್ದು, ಹತ್ತನೇ ಕ್ಲಾಸೂ ರದ್ದು."

"ಇಲ್ಲ ಸಾರ್, ನೀವು ಕಳಿಸಿದ ಅಸ್ಥಿಪಂಜರ ನೋಡಿಯೇ ಕಲಿತರು."

"ಎಲ್ಲಿದೆ? ತೋರಿಸಿ."

"ತೀರಿಕೊಂಡಿತು ಸಾರ್."

ಅವರು ಗೋಡೆ ಹಿಡಿದುಕೊಂಡರು. ಮೂಲೆಯಲ್ಲಿ ಯಜಮಾನರ ಮೊಮ್ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ರಿಸಲ್ಟು ನೋಡಲು ಬಂದವಳು ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಒರೆಸಿಕೊಂಡು ಮುಂದೆ ಬಂದಳು. ತಮಿಳಿನಲ್ಲೇ ಕೇಳಿದಳು, "ಬೊಂಬೆ ಇಲ್ಲದಿದ್ದರೇನು ಸಾರ್, ನೀವಿದ್ದೀರಲ್ಲ. ನಿಮ್ಮಲ್ಲೇ ಮಾಡಿ ತೋರಿಸ್ಲಾ?"

ಆಫೀಸರ್ರಿಗೂ ಹಟ. "ತೋರಿಸು ನೋಡೋಣ" ಅಂತ ಜಗಲಿ ಮೇಲೆ ಕೂತರು. ಹುಡುಗಿ ಪಟಪಟ ಅಂತ ಕೀಲಿನ ಹೆಸರು ಹೇಳುತ್ತಾ ಸೊಂಟ ತಿರುಗಿಸಿದಳು, ಮಂಡಿ ಮಡಿಸಿದಳು, ಚಕ್ಕಳಮಕ್ಕಳ ಹಾಕಿಸಿ ಬೆನ್ನನ್ನು ಗೋಡೆಗೆ ಒರಗಿಸಿ, ಕೈ ಎರಡನ್ನೂ ತೊಡೆಯ ಮೇಲಿಟ್ಟಳು. ಒಂದೂ ತಪ್ಪಿಲ್ಲ. ಘಾಟಿಯ ತಲೆಸುತ್ತು ಇನ್ನೂ ಇಳಿದಿರಲಿಲ್ಲ ನೋಡಿ, ಒರಗಿದ್ದೇ ಹಾಯೆನಿಸಿ ಆಫೀಸರ್ರು ಕಣ್ಣು ಮುಚ್ಚಿದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಹಾರ.

ಮೊಮ್ಮಗಳನ್ನು ಹುಡುಕಿಕೊಂಡು ಯಜಮಾನರು ಅಲ್ಲಿಗೆ ಬಂದದ್ದು ಸರಿಯಾಗಿ ಆಗಲೇ.

ತಲೆಯ ವಸ್ತ್ರ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. "ಅಯ್ಯೋ ಶಿವನೇ! ಯಾವಾಗ ಪ್ರಾಣ ಬುಟ್ರು ಮೇಷ್ಟ್ರೇ? ಬೆಳಿಗ್ಗೆ ಬಸ್ಸಿಂದ ಇಳ್ಯಾಗ ಚೆನ್ನಾಗೇ ಇದ್ರಲ್ಲ!" ನಾನು ಬಾಯಿ ಬಿಡೋ ಮೊದಲೇ ಹೊರಗೆ ತಿರುಗಿ ಕೂಗಿದರು: "ಯಾರ್ಲಾ ಅಲ್ಲಿ? ಓಗಿ ಅಯ್ನೋರ್ಗೆ ಏಳು. ಗುದ್ಲಿ ತಕ್ಕಬಾ. ಬೊಂಬೆ ಪಕ್ಕದಲ್ಲೇ ಜಾಗ ಅದೆ!"

ಆಫೀಸರ್ರಿಗೆ ಕನ್ನಡ ಬರಲ್ಲ ಅಂತ ನಾವು ಅಂದುಕೊಂಡಿದ್ದೆವು. ಅಷ್ಟು ಬರುತ್ತಿತ್ತು. "ಸಾಗಲೆ! ನಾನ್ ಸಾಗಲೆ!" ಅಂತ ಚಿಮ್ಮಿ ಎದ್ದರು.

"ಸತ್ತಿಲ್ವಂತೆ ತಾತ" ಅಂದಳು ಹುಡುಗಿ.

ಆಫೀಸರ್ರು ನಿಂತಲ್ಲೇ ಪೆನ್ನು ತೆಗೆದರು. ಕಾಪಿ ನಡೆದಿಲ್ಲ, ಮಕ್ಕಳು ಮಾಡಿ ಕಲಿತಿದ್ದಾರೆ, ಹತ್ತನೇ ಕ್ಲಾಸು ಇಲ್ಲೇ ಇರತಕ್ಕದ್ದು ಅಂತ ಬರೆದು, ಹಾರ ಕಿತ್ತು ಹೆಡ್‌ಮಾಸ್ಟರ ಕೈಗೆ ಕೊಟ್ಟು, ಸಿಕ್ಕ ಬಸ್ಸು ಹತ್ತಿದರು. ಹುಡುಗಿ ನಗುತ್ತಾ ಅಳುತ್ತಾ ತಾತನ ಕೈ ಹಿಡಿದುಕೊಂಡಳು. ಆಮೇಲೆ ಅವಳು ನರ್ಸೂ ಆದಳು. ನನಗೆ ಅವತ್ತು ಆದ ಸಂತೋಷ ಸರ್ವಿಸಿನಲ್ಲಿ ಮತ್ತೆ ಆಗಲಿಲ್ಲ.

ಯಜಮಾನರು ಮಾತ್ರ ದೂಳೆಬ್ಬಿಸಿ ಹೋಗುತ್ತಿದ್ದ ಬಸ್ಸನ್ನೇ ನೋಡುತ್ತಾ ನಿಂತಿದ್ದರು. ಕೊನೆಗೆ ಒಂದು ನಿಟ್ಟುಸಿರು ಬಿಟ್ಟರು.

"ಬೊಂಬೆಗಿಂತ ಇವ್ರೇ ಚೆನ್ನಾಗಿ ಮಡಿಚ್ಕತಿದ್ರು ಕಣ್ ಮೇಷ್ಟ್ರೇ. ಏನ್ ಮಾಡಾದು, ಜೀವ ಇತ್ತು."