ಅನಂತರಾಜು ಅವರ ಆಯುಧಪೂಜೆ ರಜೆ

ಇಪ್ಪತ್ಮೂರು ವರ್ಷ ಸಾಫ್ಟ್‌ವೇರಿನಲ್ಲಿ ಬೆಂದವರ ಮನೆಯಲ್ಲಿ ಬುದ್ಧಿವಂತ ಸಾಮಾನು ಇರಬಾರದು ಎನ್ನುವುದು ಅನಂತರಾಜು ಅವರ ಖಚಿತ ಅಭಿಪ್ರಾಯ. ಸ್ವಿಚ್ ಒತ್ತಿದರೆ ಹತ್ತಬೇಕು, ಇನ್ನೊಮ್ಮೆ ಒತ್ತಿದರೆ ಆರಬೇಕು. ಅದಕ್ಕಿಂತ ಹೆಚ್ಚು ಓದಿಕೊಂಡ ಬಲ್ಬು ಮನೆಗೆ ಬೇಡ. ಪಾಸ್‌ವರ್ಡ್ ಕೇಳುವ ಫ್ಯಾನು, ನಮ್ಮ ತೂಕವನ್ನು ಊರಿಗೆಲ್ಲ ಸಾರುವ ತೂಕದ ಯಂತ್ರ, ‘ಎದ್ದು ನಿಲ್ಲಿ’ ಎಂದು ಗಂಟೆಗೊಮ್ಮೆ ಗದರುವ ಕೈಗಡಿಯಾರ (ಗದರಲು ಮನೆಯಲ್ಲಿ ಈಗಾಗಲೇ ಇಬ್ಬರಿದ್ದಾರೆ), ಇವನ್ನೆಲ್ಲ ಕೊಳ್ಳುವವರು ಸಾಫ್ಟ್‌ವೇರ್ ಬರೆಯದವರು. ಬರೆದವರಿಗೆ ಒಳಗೆ ಏನಿದೆ ಎಂದು ಗೊತ್ತು.

ಹವ್ಯಾಸದ ವಿಷಯದಲ್ಲೂ ಅಷ್ಟೇ. ಚಾರ್ಜರ್ ಬೇಡುವಂಥದ್ದು ಹವ್ಯಾಸವಲ್ಲ, ಸಂಬಳವಿಲ್ಲದ ಇನ್ನೊಂದು ನೌಕರಿ. ಆದ್ದರಿಂದಲೇ ಅವರು ಬ್ಯಾಟರಿಯ ಹಂಗಿಲ್ಲದ ಒಂದು ಬೈನಾಕ್ಯುಲರ್ ಕೊಂಡು, ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಹಕ್ಕಿ ನೋಡುವುದನ್ನು ಹವ್ಯಾಸವೆಂದು ಘೋಷಿಸಿಕೊಂಡಿದ್ದರು. ಕೊಂಡು ಮೂರು ವರ್ಷ, ಹೋದದ್ದು ಎರಡು ಸಲ. ಉಳಿದ ಭಾನುವಾರಗಳೆಲ್ಲ ಆಫೀಸಿನ ಪಾಲು. ಸೈಬೀರಿಯಾದಿಂದ ಹೊರಟ ಹಕ್ಕಿ ಹೆಸರಘಟ್ಟ ತಲುಪುತ್ತಿತ್ತು. ಯಲಹಂಕ ನ್ಯೂ ಟೌನಿನಿಂದ ಇವರು ತಲುಪುತ್ತಿರಲಿಲ್ಲ.

ಈ ಸಲ ಆಯುಧಪೂಜೆಯ ರಜೆಗೆ ಹೋಗಿಯೇ ಸಿದ್ಧ ಎಂದುಕೊಂಡರೆ, ಅಂದಿನ ಆನ್‌ಕಾಲ್ ಪಾಳಿ ಅವರ ಹೆಸರಿಗೇ ಬಿತ್ತು. ಅಮೆರಿಕದ ಗಿರಾಕಿಯ ಕಂಪ್ಯೂಟರು ಅಲ್ಲಿ ಕೆಮ್ಮಿದರೆ ಇಲ್ಲೊಬ್ಬರು ಕಷಾಯ ಹಿಡಿದು ಕೂತಿರಬೇಕು, ಅದು ಆನ್‌ಕಾಲ್. ಆನೆಕಾಲಿಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ: ಆನೆಕಾಲಿಗೆ ಮಾತ್ರೆಯಿದೆ.

ಆಗ ಹೊಳೆಯಿತು ಉಪಾಯ. ತಮಗಿಂತ ಹನ್ನೆರಡು ವರ್ಷ ಚಿಕ್ಕವನಾದ ಮ್ಯಾನೇಜರ್ ಮಹೇಂದ್ರನಿಗೆ ಫೋನ್ ಮಾಡಿದರು.

“ಮಹೇಂದ್ರ, ಆಯುಧಪೂಜೆ ದಿನ ನಮ್ಮನೇಲಿ ಆಯುಧ ಮುಟ್ಟೋ ಹಾಗಿಲ್ಲಪ್ಪ. ಪೂಜೆಗೆ ಇಟ್ರೆ ಎತ್ಕೊಳ್ಳೋದು ವಿಜಯದಶಮಿಗೇ. ಲ್ಯಾಪ್‌ಟಾಪೇ ತಾನೇ ನನ್ನ ಆಯುಧ?”

“ಹೋದ್ ವರ್ಷ ಮುಟ್ಟಿದ್ರಲ್ಲ ಸಾರ್?”

“ತಪ್ಪು ಮಾಡಿದ್ದೆ.”

ಅತ್ತ ಕಡೆ ನಿಟ್ಟುಸಿರು ಕೇಳಿಸಿತು. “ಆಯ್ತು ಸಾರ್. ದೇವ್ರ ವಿಷ್ಯಕ್ಕೆ ನಾನ್ ಅಡ್ಡ ಬರಲ್ಲ.”

ಸುಳ್ಳಿಗೆ ಸಾಕ್ಷಿ ಗಟ್ಟಿಯಿರಲೆಂದು ಅನಂತರಾಜು ನೇರ ತಾಯಿಯ ಬಳಿ ಹೋದರು. “ಅಮ್ಮಾ, ಈ ವರ್ಷ ಪೂಜೆ ನಿನ್ನ ತವರಿನ ಪದ್ಧತಿ ಥರಾನೇ ಆಗ್ಬೇಕು. ಒಂದಿಷ್ಟೂ ಸಡಿಲ ಬಿಡ್ಬೇಡ.”

ಸೊಣ್ಣಮ್ಮನವರ ಕಣ್ಣು ತೇವವಾಯಿತು. “ಈಗ್ಲಾದ್ರೂ ಬುದ್ಧಿ ಬಂತಲ್ಲ ನನ್ನಪ್ಪ! ನಮ್ಮಪ್ಪನ ಮನೇಲಿ ನೇಗ್ಲು, ಕುಂಟೆ, ಕುಡ್ಲು ಎಲ್ಲಾ ತೊಳ್ದು ಇಕ್ಬುಟ್ರೆ ನಾಳೀಕ್ ಗಂಟ ಒಬ್ರೂ ಮುಟ್ತಿರ್ನಿಲ್ಲ. ಅಂಗೇ ಮಾಡಾನ.”

ಹಾಗೇ ಮಾಡಿದರು. ಆಯುಧಪೂಜೆಯ ಬೆಳಿಗ್ಗೆ ದೇವರ ಮುಂದೆ ಲ್ಯಾಪ್‌ಟಾಪು ಚೆಂಡುಹೂ ಮುಡಿದು ಕೂತಿತು. ಅನಂತರಾಜು ಭಕ್ತಿಯಿಂದ ಕೈಮುಗಿದರು. ಫೋನೂ ಹೋಯಿತು; ಇನ್ನೂ ಭಕ್ತಿ ಬಂತು. ಆಮೇಲೆ ಸೊಣ್ಣಮ್ಮ ಕಾರಿನ ಕೀಲಿ ಕೇಳಿದರು.

“ಕಾರ್ ಬೇಕಲ್ಲಮ್ಮ, ಹೆಸರಘಟ್ಟಕ್ಕೆ...”

“ಎತ್ತಿನ ಗಾಡೀನೇ ನಾವು ಓಡುಸ್ತಿರ್ನಿಲ್ಲ, ನಿಂದೇನ್ಲಾ ಕಾರು? ಇಕ್ಕು.”

ಬಸ್ಸಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಬೈನಾಕ್ಯುಲರ್ ಕೊರಳಿಗೆ ಹಾಕಿಕೊಳ್ಳುವಷ್ಟರಲ್ಲಿ ಕುಂಕುಮದ ಬೆರಳು ಅದರ ಎರಡು ಕಣ್ಣುಗಳ ನಡುವೆ ಬೊಟ್ಟಿಟ್ಟಾಗಿತ್ತು.

“ಅಮ್ಮಾ! ಅದು ಆಯುಧ ಅಲ್ಲ, ಹವ್ಯಾಸ!”

“ದಿನಾ ಬೆಳಿಗ್ಗೆ ಇದ್ನ ಬಟ್ಟೆ ತಕ್ಕೊಂಡು ಒರಸ್ತೀಯಲ್ಲ, ಆ ಲ್ಯಾಪ್‌ಟಾಪ್ನ ಒಂದಿನಾನಾದ್ರೂ ಒರ್ಸಿದ್ದೀಯೇನ್ಲಾ? ಇದೇ ಕಣ್ಲಾ ನಿನ್ನ ಆಯುಧ.”

ಅನಂತರಾಜು ಬೈನಾಕ್ಯುಲರನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ಇಟ್ಟರು. (ಇಪ್ಪತ್ಮೂರು ವರ್ಷದ ನೌಕರಿಯಲ್ಲಿ ಅವರ ಬಗ್ಗೆ ಇಷ್ಟು ಸರಿಯಾದ ಮೌಲ್ಯಮಾಪನವನ್ನು ಯಾರೂ ಮಾಡಿರಲಿಲ್ಲ.)

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವರ ಹೆಂಡತಿ ಶಾಂತಲಾ ಬಾಗಿಲಿಗೆ ಒರಗಿ ನಿಂತು ಈ ಪ್ರಮೇಯವನ್ನು ಮುಂದಿನ ಹಂತಕ್ಕೆ ಒಯ್ದಳು. “ಅತ್ತೆ, ಹಾಗಾದ್ರೆ ಮಿಕ್ಸಿ, ಕುಕ್ಕರ್, ಸ್ಟವ್?”

“ಅವು ಮಾತ್ರ ಏನ್ ಪಾಪ ಮಾಡವೆ? ಇಕ್ಕವ್ವ.”

ಅರ್ಧ ಗಂಟೆಯಲ್ಲಿ ಅಡುಗೆಮನೆ ಪೂರ್ತಿ ಅರಿಶಿನ ಕುಂಕುಮ ಹಚ್ಚಿಕೊಂಡು ಹಸೆಮಣೆ ಏರಿದಂತಿತ್ತು.

“ಎಲ್ಲದಕ್ಕೂ ಇಟ್ರಿ, ನನಗೊಂದು ಬೊಟ್ಟು ಇಡ್ಲಿಲ್ಲ,” ಎಂದು ಅನಂತರಾಜು ಗೊಣಗಿದರು.

“ಕೆಲಸಕ್ಕೆ ಬರೋ ಸಾಮಾನಿಗೆ ಮಾತ್ರ ಕಣ್ರೀ,” ಎಂದಳು ಶಾಂತಲಾ.

ಇನ್ನು ಉಳಿದದ್ದು ಸೋಫಾ. ಹಕ್ಕಿಯಿಲ್ಲದಿದ್ದರೂ ಆಫೀಸೂ ಇಲ್ಲವಲ್ಲ, ಅಷ್ಟೇ ಲಾಭ ಎಂದು ಅವರು ಕಾಲು ಚಾಚಿದರು. ಕಣ್ಣು ಕೂಡಿ ಬರುವಾಗ ಕಾಲಿಂಗ್ ಬೆಲ್ ಬಡಿಯಿತು. ಬಾಗಿಲಲ್ಲಿ ಮಹೇಂದ್ರ, ಒಂದು ಕೈಯಲ್ಲಿ ಸ್ವೀಟ್ ಡಬ್ಬಿ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ.

“ಫೋನ್ ಆಫ್ ಬಂತು ಸಾರ್. ಪೂಜೆಗೆ ಇಟ್ಟಿರ್ತಾರೆ ಅಂತ ನಾಗಸಂದ್ರದಿಂದ ಬೈಕಲ್ಲೇ ಬಂದ್ಬಿಟ್ಟೆ. ಅಮೆರಿಕದವರ ಸಿಸ್ಟಮ್ ಮಲಗ್ಬಿಟ್ಟಿದೆ. ನಿಮ್ಮ ಹಳೇ ಕೋಡು, ನಿಮಗೆ ಬಿಟ್ರೆ ಯಾರಿಗೂ ಅರ್ಥ ಆಗಲ್ಲ.”

“ನಾನು ಮುಟ್ಟೋ ಹಾಗಿಲ್ವಲ್ಲಪ್ಪ,” ಎಂದರು ಅನಂತರಾಜು, ಆದಷ್ಟು ದುಃಖದಿಂದ.

“ಛೆ ಛೆ, ನೀವು ಮುಟ್ಲೇಬೇಡಿ ಸಾರ್! ನೀವು ಬಾಯಲ್ಲಿ ಹೇಳ್ತಾ ಹೋಗಿ, ನಾನು ಟೈಪ್ ಮಾಡ್ತೀನಿ.”

“ನಿನ್ನ ಲ್ಯಾಪ್‌ಟಾಪಿಗೂ ಪೂಜೆ ಆಗ್ಬೇಕಲ್ಲಪ್ಪ?”

“ಬೆಳಿಗ್ಗೆ ಆರಕ್ಕೇ ಆಯ್ತು. ನಮ್ಮನೇಲಿ ನಿಂಬೆಹಣ್ಣು ಒಡೆದು ಆವಾಗ್ಲೇ ಓಡಿಸ್ಬಿಡ್ತೀವಿ.”

ಕೊನೆಯ ಆಸರೆಯೆಂದು ಅನಂತರಾಜು ತಾಯಿಯತ್ತ ತಿರುಗಿದರು. “ಅಮ್ಮಾ, ಇದು ಪದ್ಧತಿಗೆ ಒಪ್ಪುತ್ತಾ?”

ಸೊಣ್ಣಮ್ಮ ಯೋಚಿಸಿದರು. “ಬಾಯಿಗೆ ಯಾವನ್ಲಾ ಪೂಜೆ ಮಾಡ್ತಾನೆ? ಪಾಪ, ಅಬ್ಬದ ದಿನ ಅಷ್ಟ್ ದೂರದಿಂದ ಬಂದದೆ ಮಗ. ಏಳ್ಕೊಡು.”

ಊಟದ ಮೇಜಿನ ಮುಂದೆ ಇಬ್ಬರೂ ಕೂತರು. ಕೈಯಲ್ಲಿ ಹತ್ತು ನಿಮಿಷದ ಕೆಲಸ. ಬಾಯಲ್ಲಿ ಹೇಳಿದರೆ, ಬ್ರಾಕೆಟ್ಟು, ಸೆಮಿಕೋಲನ್ನು, “ಅದಲ್ಲಪ್ಪ, ಅದರ ಕೆಳಗಿಂದು” ಎಲ್ಲ ಸೇರಿ ಸಂಜೆಯವರೆಗೆ. ಇನ್ನೂ ಮೂರನೆಯ ಸಾಲಿನಲ್ಲಿದ್ದಾಗ ಎದುರು ಫ್ಲ್ಯಾಟಿನ ದಿಲ್ಶಾದ್ ಇಣುಕಿದಳು.

“ಶಾಂತಲಾ ಅಕ್ಕ, ಹೆಸರಘಟ್ಟಕ್ಕೆ ಹೊರಟಿದ್ದೀವಿ. ಕಾರಲ್ಲಿ ಜಾಗ ಇದೆ. ಅಮ್ಮಾವ್ರನ್ನೂ ಕರ್ಕೊಂಡು ಬನ್ನಿ.”

ಅನಂತರಾಜು ಅವರ ಸೆಮಿಕೋಲನ್ ಗಂಟಲಲ್ಲೇ ನಿಂತಿತು. “ಬೈನಾಕ್ಯುಲರ್ ಇಲ್ದೆ ಅಲ್ಲಿ ಹೋಗಿ ಏನೇ ನೋಡ್ತೀಯ?”

“ಕಣ್ಣಿದೆಯಲ್ರೀ,” ಎನ್ನುತ್ತ ಶಾಂತಲಾ ಚಪ್ಪಲಿ ಹುಡುಕಿದಳು. ಸೊಣ್ಣಮ್ಮ ಅಷ್ಟರಲ್ಲಿ ಮೆಟ್ಟಿಕೊಂಡಾಗಿತ್ತು.

“ಎಷ್ಟು ಸೀಟಿದೆ ದಿಲ್ಶಾದ್?” ಅನಂತರಾಜು ಅವರ ದನಿ ಸಣ್ಣಗಾಗಿತ್ತು.

“ಮೂರಿದೆ ಭಾಯ್. ನೀವೂ ಬರ್ತೀರಾ?”

ಅವರು ಅರ್ಧ ಎದ್ದರು. “ಬ್ರಾಕೆಟ್ ಕ್ಲೋಸ್ ಮಾಡ್ಲಾ ಸಾರ್?” ಎಂದ ಮಹೇಂದ್ರ.

“ಅವ್ನೆಲ್ಲಿ ಬತ್ತಾನವ್ವ, ಕೆಲ್ಸ ಐತೆ,” ಎಂದು ಸೊಣ್ಣಮ್ಮ ಮಗನ ಪರವಾಗಿ ತಾವೇ ಹೇಳಿ, ಬಾಗಿಲ ಹಿಂದಿನಿಂದ ಸುತ್ತಿಟ್ಟಿದ್ದ ಚಾಪೆಯೊಂದನ್ನು ಎಳೆದರು. “ಮೂರ್ನೇ ಸೀಟ್ಗೆ ಇದ ಮಡ್ಗು. ಉಲ್ಲಿನ ಮ್ಯಾಲೆ ಆರಾಮಾಗ್ ಕುಂತ್ಕಬೋದು.”

ಅನಂತರಾಜು ಮತ್ತೆ ಕೂತರು. ಕೆಳಗೆ ಕಾರು ಹೊರಟ ಸದ್ದು ಕೇಳಿಸಿತು.

“ಕ್ಲೋಸ್ ಮಾಡಪ್ಪ,” ಎಂದರು.