ಸ್ಪ್ರಿಂಗು ಎಳೆದರೂ ಕಲ್ಲು ಬಿಡದು

ನಾನು ಕೋಲಾರದ ಕಡೆಯವನು, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು, ಒಂಟಿ ಮನುಷ್ಯ. ಯಾವ ಊರಿಗೆ ವರ್ಗವಾದರೂ ಸ್ಪ್ರಿಂಗು ಮತ್ತು ಘರ್ಷಣೆಯ ಪಾಠ ನನ್ನನ್ನು ಸುಮ್ಮನೆ ಬಿಟ್ಟಿದ್ದಿಲ್ಲ.

ಆಳಂದದ ಟೇಬಲ್ಲು

ಸ್ಪ್ರಿಂಗನ್ನು ಒತ್ತಿ, ಮುಂದೆ ಮರದ ತುಂಡಿಟ್ಟು ಬಿಟ್ಟೆ. ತುಂಡು ಗೇಣುದ್ದ ಜಾರಿ ನಿಂತಿತು.

"ಸ್ಪ್ರಿಂಗಿನಲ್ಲಿದ್ದ ಶಕ್ತಿ ಎಲ್ಲಿ ಹೋಯಿತು?"

"ಟೇಬಲ್ ನುಂಗ್ತ್ರಿ ಸರ್," ಅಂತ ಹಿಂದಿನ ಬೆಂಚು.

"ಸರಿ. ಘರ್ಷಣೆಯಿಂದ ಶಾಖವಾಯಿತು. ಮುಟ್ಟಿ ನೋಡಿ."

ಮುಂದಿದ್ದ ಹುಡುಗಿ ಮುಟ್ಟಿದಳು. "ತಣ್ಣಗ ಅದರಿ."

ಬಿಸಿ ತೋರಿಸಿಯೇ ತೀರಬೇಕೆಂದು ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಗಂಟೆ ಹೊಡೆಯುವವರೆಗೂ ಅದೇ. ಆಕೆ ಇನ್ನೊಮ್ಮೆ ಮುಟ್ಟಿ, ನನ್ನ ಹಣೆಯ ಬೆವರು ನೋಡಿ ಹೇಳಿದಳು:

"ಟೇಬಲ್ ಹಂಗೇ ಅದರಿ ಸರ್. ನೀವೇ ಬಿಸಿ ಆಗೀರಿ."

ಜೇವರ್ಗಿಯ ಉತ್ತರ

ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬನನ್ನು ಕೇಳಿದೆ: "ಘರ್ಷಣೆ ಕಡಿಮೆ ಮಾಡಲು ಏನು ಮಾಡಬೇಕು?"

ಎಣ್ಣೆ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಬಹಳ ಯೋಚಿಸಿ, "ಯಾರ ಹಂತೇಲೂ ಹೋಗಬಾರದ್ರಿ ಸರ್. ದೂರ ಕುಂತ್ರ ತಿಕ್ಕಾಟನೇ ಇಲ್ಲ," ಅಂದ.

ಸ್ಟಾಫ್ ರೂಮಿನ ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ ನನ್ನ ಕುರ್ಚಿ ನೆನಪಾಯಿತು. ತಪ್ಪು ಅನ್ನಲು ಮನಸ್ಸಾಗದೆ ಪೂರ್ತಿ ಅಂಕ ಕೊಟ್ಟೆ.

ಅಫಜಲಪುರದ ಬಾಗಿಲು

ಇಲ್ಲಿನ ಬಾಡಿಗೆ ಕೋಣೆಗೆ ನಾಯಿ ನುಗ್ಗುತ್ತಿತ್ತು. ಬಾಗಿಲು ತಾನೇ ಮುಚ್ಚಲಿ ಎಂದು ಸ್ಪ್ರಿಂಗ್ ಹಾಕಿಸಿದೆ. ಸ್ಪ್ರಿಂಗು ಎಳೆಯುತ್ತಿತ್ತು, ಕೆಳಗಿನ ಶಹಾಬಾದಿ ಕಲ್ಲು ತಡೆಯುತ್ತಿತ್ತು. ಬಾಗಿಲು ಕಿರ್ರೆನ್ನುವುದು ಓಣಿಗೆಲ್ಲ ಕೇಳಿಸುತ್ತಿತ್ತು.

ಪಕ್ಕದಲ್ಲೇ ಇರುವ ಮನೆ ಮಾಲಕಿ ಒಂದು ದಿನ ತಡೆದು ನಿಲ್ಲಿಸಿದರು. "ಸರ, ನಿಮ್ಮ ರೂಮಿಗಿ ಮಂದಿ ಭಾಳ ಬರ್ತಾರ ಬಿಡ್ರಿ. ಸಂಜಿಪೂರಾ ಬಾಗಿಲ ಸಪ್ಪಳ."

"ಯಾರೂ ಬರಲ್ಲ ಅಕ್ಕಾ. ಒಳಗೆ ಬೇಜಾರಾದರೆ ಹೊರಗೆ ಬರ್ತೀನಿ. ಹೊರಗೆ ಮಾತಾಡೋರಿಲ್ಲ ಅಂತ ಒಳಗೆ ಹೋಗ್ತೀನಿ. ಅಷ್ಟೇ."

ಅವರು ಬಾಗಿಲ ಅಡಿ ಬಗ್ಗಿ ನೋಡಿದರು. "ಹಂಗಾರ ಬಡಿಗನ್ನ ಕರಸ್ರಿ. ನಮಗ ತಲಿನೋವು ಬಂದದ."

ಬಡಿಗ ಬಂದು ಬಾಗಿಲ ಅಡಿ ಹೆರೆದ. ಸಪ್ಪಳ ಪೂರ್ತಿ ನಿಂತಿತು. ಕೋಣೆಯಲ್ಲಿ ನನ್ನ ಉಸಿರೇ ನನಗೆ ಕೇಳಿಸತೊಡಗಿತು.

ಮರುದಿನ ಸಂಜೆ ಯಾರೋ ಬಾಗಿಲು ಬಡಿದರು. ಆ ಕೋಣೆಗೆ ಬಂದ ಮೇಲೆ ಅದೇ ಮೊದಲು. ತೆಗೆದರೆ ಮಾಲಕಿ, ಕೈಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ.

"ನಿನ್ನಿಯಿಂದ ಸಪ್ಪಳನೇ ಇಲ್ಲ. ಸರ ಸತ್ತಾರೇನು ಅಂತ ನೋಡ್ಲಿಕ್ಕಿ ಬಂದೆ."

"ಸತ್ತವನಿಗೆ ರೊಟ್ಟಿ ಯಾಕೆ ತಂದ್ರಿ ಅಕ್ಕಾ?"

"ಇದ್ರ ಉಣ್ತೀರಿ," ಅಂದರು ತಾಟು ನನ್ನ ಕೈಗಿಡುತ್ತ. "ಇಲ್ಲಂದ್ರ ವಾಪಸ್ ಒಯ್ತಿದ್ದೆ."